ಕೈಗವಸು ಕಳಚಿ ನೋಡಿದವನು



ಕಳೆದ ಬೇಸಗೆಯ ಒಂದು ಭಾನುವಾರ ಬೆಳಗಿನ ಬಲಿಪೂಜೆ ಮುಗಿದ ಮೇಲೆ ಒಬ್ಬ ತಂದೆ ತನ್ನ ಮಗಳನ್ನು ಕರೆದುಕೊಂಡು ನನ್ನ ಬಳಿಗೆ ಬಂದರು. ಹುಬ್ಬಳ್ಳಿಯ ಬಿಸಿಲು ಆಗಲೇ ಏರತೊಡಗಿತ್ತು. ದೇವಾಲಯದ ಹೊರಗಿನ ಬೇವಿನ ನೆರಳಿನಲ್ಲಿ ನಿಂತು ಅವರು ನೇರವಾಗಿ ವಿಷಯಕ್ಕೆ ಬಂದರು.

"ಫಾದರ್, ಈಕೀಗೆ ಒಂದಿಷ್ಟು ಬುದ್ಧಿ ಹೇಳ್ರಿ. ಹತ್ತನೇತ್ತೆ ಮುಗೀತು. ಚಿತ್ರಕಲಾ ಕಲೀತೀನಿ ಅಂತ ಹಟಾ ಹಿಡದಾಳ. ಚಿತ್ರಾ ಬರದ್ರ ಹೊಟ್ಟಿ ತುಂಬತೈತೇನ್ರಿ? ಈ ಮಾತು ನೀವs ನನಗ ಹೇಳಿದ್ರಿ. ನಾ ಕೇಳಿದೆ. ಇವತ್ತು ಊಟಕ್ಕ ಕಡಿಮಿ ಇಲ್ಲ. ಈಕೀಗೂ ಅದನ್ನs ಹೇಳ್ರಿ."

ಆ ಮನುಷ್ಯ ಸಿಟ್ಟಿನಿಂದ ಹೇಳಲಿಲ್ಲ, ವ್ಯಂಗ್ಯದಿಂದಲೂ ಹೇಳಲಿಲ್ಲ. ತನಗೆ ಉಪಕಾರವಾದ ಔಷಧವನ್ನು ಮಗಳಿಗೂ ಕೊಡಿಸಲು ವೈದ್ಯರ ಬಳಿಗೆ ಬಂದವರಂತೆ ಹೇಳಿದರು. ಆದರೆ ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಏಕೆಂದರೆ ಆ ಮಾತನ್ನು ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ನಾನು ಗುರುಮಠದಿಂದ ಹೊರಬಂದು ಹೆಚ್ಚು ಕಾಲವಾಗಿರಲಿಲ್ಲ. ಎಲ್ಲ ಪ್ರಶ್ನೆಗೂ ನನ್ನ ಬಳಿ ಉತ್ತರವಿದೆ ಎಂಬ ನಂಬಿಕೆ ಇದ್ದ ವಯಸ್ಸು ಅದು. ಗದಗ ರಸ್ತೆಯ ಕಡೆಯ ರೈಲ್ವೆ ಬಡಾವಣೆಯಿಂದ ಜ್ಞಾನೋಪದೇಶ ತರಗತಿಗೆ ಬರುತ್ತಿದ್ದ ಮಕ್ಕಳಲ್ಲಿ ಈತನೂ ಒಬ್ಬ. ಪಾಠದ ಪುಸ್ತಕದ ಅಂಚುಗಳ ತುಂಬ ಪಾರಿವಾಳಗಳನ್ನು ಬರೆದಿದ್ದ. ಪುಸ್ತಕ ಹಾಳುಮಾಡಿದೆ ಎಂದು ನಾನು ಗದರಿಸಿದೆ. ಎಸ್ಸೆಸ್ಸೆಲ್ಸಿ ಮುಗಿದಾಗ ಅವನ ತಾಯಿ ಬಂದು, ಹುಡುಗ ಚಿತ್ರ ಕಲಿಯಬೇಕೆನ್ನುತ್ತಾನೆ ಎಂದಾಗ ನಾನು ಒಂದೇ ವಾಕ್ಯದಲ್ಲಿ ತೀರ್ಮಾನ ಕೊಟ್ಟೆ. ನಾನೇ ಓಡಾಡಿ ಅವನನ್ನು ಐಟಿಐಗೆ ಸೇರಿಸಿದೆ. ಅವನು ಎಲೆಕ್ಟ್ರಿಷಿಯನ್ ಆದ, ಮನೆ ಕಟ್ಟಿದ, ತಂಗಿಯ ಮದುವೆ ಮಾಡಿದ. ನಾನು ಅದನ್ನು ನನ್ನ ಒಳ್ಳೆಯ ಕೆಲಸಗಳ ಲೆಕ್ಕಕ್ಕೆ ಬರೆದುಕೊಂಡಿದ್ದೆ.

"ಮುಂದಿನ ಭಾನುವಾರ ಮಾತಾಡೋಣ" ಎಂದು ಹೇಳಿ ಅಂದು ಅವರನ್ನು ಕಳುಹಿಸಿದೆ. ಉತ್ತರ ಗೊತ್ತಿಲ್ಲದಾಗ ಗುರುಗಳು ಹೇಳುವ ಮಾತು ಇದೇ ಎಂಬುದು ನಿಮಗೂ ತಿಳಿದಿರಬಹುದು!

ಆ ವಾರ ನನ್ನ ಮೇಜಿನ ಮೇಲೆ ಒಂದು ಪುಸ್ತಕವಿತ್ತು. ಇಂಗ್ಲೆಂಡಿನಲ್ಲಿ ದಾದಿಯಾಗಿರುವ ನಮ್ಮ ಧರ್ಮಕೇಂದ್ರದ ಸಹೋದರಿಯೊಬ್ಬರು ರಜೆಗೆ ಬಂದಾಗ ತಂದುಕೊಟ್ಟದ್ದು. ದಕ್ಷಿಣ ಧ್ರುವ ಪ್ರದೇಶದ ಜಲವರ್ಣ ಚಿತ್ರಗಳು. ಬರೆದವರು ಎಡ್ವರ್ಡ್ ವಿಲ್ಸನ್. ಕಪ್ತಾನ ಸ್ಕಾಟ್ ದಕ್ಷಿಣ ಧ್ರುವಕ್ಕೆ ಹೋಗಿ ಹಿಂದಿರುಗದ ಕಥೆಯನ್ನು ನಮ್ಮಲ್ಲಿ ಅನೇಕರು ಶಾಲೆಯ ಪಾಠದಲ್ಲಿ ಓದಿದ್ದೇವೆ. ಆದರೆ ಅವರ ಪಕ್ಕದಲ್ಲೇ, ಅದೇ ಡೇರೆಯಲ್ಲಿ ಮಡಿದ ಈ ವೈದ್ಯನ ಹೆಸರು ನಮಗೆ ಅಷ್ಟಾಗಿ ತಿಳಿದಿಲ್ಲ. ಮನಸ್ಸಿನ ತಳಮಳಕ್ಕೆ ಅಡ್ಡಿ ಬೇಕೆಂದು ಪುಟ ತಿರುವಿದವನು ನಾನು. ಅಡ್ಡಿಯಾಗುವ ಬದಲು ಆ ಪುಸ್ತಕ ನನ್ನ ತಳಮಳದ ನಡುವಿಗೇ ನನ್ನನ್ನು ಕರೆದೊಯ್ದಿತು.

ವಿಲ್ಸನ್ 1872ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಒಬ್ಬ ವೈದ್ಯರ ಮಗನಾಗಿ ಹುಟ್ಟಿದರು. ಬಾಲ್ಯದಿಂದಲೇ ಹಕ್ಕಿ, ಹೂವು, ಗುಡ್ಡಗಳನ್ನು ಬರೆಯುವ ಹುಚ್ಚು. ಆದರೆ ಯಾವ ಚಿತ್ರಶಾಲೆಗೂ ಹೋದವರಲ್ಲ. ಕೇಂಬ್ರಿಜ್‌ನಲ್ಲಿ ಪ್ರಕೃತಿ ವಿಜ್ಞಾನ, ಬಳಿಕ ಲಂಡನ್ನಿನಲ್ಲಿ ವೈದ್ಯಶಾಸ್ತ್ರ ಓದಿದರು. ಓದುತ್ತಿರುವಾಗಲೇ ಲಂಡನ್ನಿನ ಬ್ಯಾಟರ್ಸೀ ಎಂಬ ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದರು. ಆ ದಿನಗಳಲ್ಲೇ, 1898ರಲ್ಲಿ, ಕ್ಷಯರೋಗ ತಗುಲಿರುವುದು ಗೊತ್ತಾಯಿತು. ನಾರ್ವೆ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ ಪಡೆದು ಚೇತರಿಸಿಕೊಂಡರು. ಇಂಥ ಶ್ವಾಸಕೋಶದ ಮನುಷ್ಯ 1901ರಲ್ಲಿ ಮದುವೆಯಾಗಿ, ಮೂರು ವಾರ ಕಳೆದ ಮೇಲೆ, 'ಡಿಸ್ಕವರಿ' ಹಡಗನ್ನೇರಿ ಸ್ಕಾಟ್‌ರೊಂದಿಗೆ ಅಂಟಾರ್ಕ್ಟಿಕಾಕ್ಕೆ ಹೊರಟರು. ಕಿರಿಯ ವೈದ್ಯ, ಪ್ರಾಣಿಶಾಸ್ತ್ರಜ್ಞ, ಚಿತ್ರಕಾರ ಎಂಬ ಮೂರು ಹೊಣೆಗಳು ಒಬ್ಬರ ಹೆಗಲ ಮೇಲಿದ್ದವು.

ಆ ಕಾಲದಲ್ಲಿ ಕ್ಯಾಮೆರಾ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅದು ಕಂಡದ್ದು ಹೆಚ್ಚಾಗಿ ಕಪ್ಪು ಬಿಳುಪು ಮಾತ್ರ. ಹಿಮದ ನಾಡು ಬೆಳ್ಳಗಿದೆ ಎಂದು ನಾವು ತಿಳಿದಿರುತ್ತೇವೆ. ವಿಲ್ಸನ್‌ರ ಚಿತ್ರಗಳನ್ನು ನೋಡಿದವರಿಗೆ ಆ ತಿಳಿವಳಿಕೆ ಉಳಿಯುವುದಿಲ್ಲ. ಅಲ್ಲಿ ಹಿಮದ ನೆರಳು ನೇರಳೆ. ಸೂರ್ಯ ಹುಟ್ಟದ ತಿಂಗಳುಗಳಲ್ಲಿ ನಡುಹಗಲಿಗೆ ಆಕಾಶದ ಅಂಚಿನಲ್ಲಿ ಕಿತ್ತಳೆ ಬಣ್ಣದ ಒಂದು ಗೆರೆ. ಅದರ ಮೇಲೆ ತಿಳಿಹಸಿರು, ಅದರ ಮೇಲೆ ಕಡುನೀಲಿ. ಎರೆಬಸ್ ಎಂಬ ಜ್ವಾಲಾಮುಖಿಯ ತುದಿಯಲ್ಲಿ ಗುಲಾಬಿ ಬಣ್ಣದ ಹೊಗೆ.

ಈ ಬಣ್ಣಗಳನ್ನು ಅವರು ಹಿಡಿದ ರೀತಿಯನ್ನು ಓದಿದಾಗ ನಾನು ಪುಸ್ತಕವನ್ನು ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೊರಗಿನ ಚಳಿಯಲ್ಲಿ ಜಲವರ್ಣ ಬಳಸುವಂತಿಲ್ಲ, ಕುಂಚದಲ್ಲೇ ನೀರು ಹೆಪ್ಪುಗಟ್ಟುತ್ತದೆ. ದಪ್ಪ ಕೈಗವಸು ಹಾಕಿಕೊಂಡು ಪೆನ್ಸಿಲ್ ಹಿಡಿಯುವಂತಿಲ್ಲ. ಆದ್ದರಿಂದ ಅವರು ಕೈಗವಸು ಕಳಚಿ, ಬೆರಳುಗಳು ಮರಗಟ್ಟುವವರೆಗೆ ಕೆಲವು ಗೆರೆಗಳನ್ನು ಎಳೆಯುತ್ತಿದ್ದರು. ಮತ್ತೆ ಕೈಗವಸಿನೊಳಗೆ ಕೈ ಸೇರಿಸಿ, ಬೆರಳಿಗೆ ಜೀವ ಬಂದ ಮೇಲೆ ಮತ್ತೆ ಕೆಲವು ಗೆರೆ. ಬಣ್ಣ ಹಚ್ಚಲಾಗದ್ದರಿಂದ ಚಿತ್ರದ ಆಯಾ ಜಾಗದಲ್ಲಿ ಬಣ್ಣದ ಹೆಸರನ್ನು ಬರೆದಿಡುತ್ತಿದ್ದರು. ಇಲ್ಲಿ ಇಂಥ ನೀಲಿ, ಅಲ್ಲಿ ಅದಕ್ಕಿಂತ ಮಸುಕಾದ ನೀಲಿ ಎಂಬಂತೆ. ಬಳಿಕ ಚಳಿಗಾಲದ ಕತ್ತಲೆಯಲ್ಲಿ, ಗುಡಿಸಲಿನ ದೀಪದ ಬೆಳಕಿನಲ್ಲಿ ಕುಳಿತು, ಆ ಟಿಪ್ಪಣಿಗಳ ಹಾಗೂ ನೆನಪಿನ ಬಲದಿಂದ ಚಿತ್ರವನ್ನು ಪೂರ್ಣಗೊಳಿಸುತ್ತಿದ್ದರು. ಕಂಡದ್ದಕ್ಕಿಂತ ಚೆಂದ ಮಾಡುವ ಆಸೆಯನ್ನು ಅವರು ತಮ್ಮ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಇದ್ದದ್ದು ಇದ್ದ ಹಾಗೆ ಇರಬೇಕು, ಅಷ್ಟೆ.

ಇದಕ್ಕೆ ಅವರು ತೆತ್ತ ಬೆಲೆ ಬೆರಳುಗಳದ್ದು ಮಾತ್ರವಲ್ಲ. 1902ರ ಡಿಸೆಂಬರಿನಲ್ಲಿ ಸ್ಕಾಟ್, ಶಾಕಲ್ಟನ್ ಮತ್ತು ವಿಲ್ಸನ್ ಮೂವರೂ ಅದುವರೆಗೆ ಯಾರೂ ಹೋಗಿರದಷ್ಟು ದಕ್ಷಿಣಕ್ಕೆ ನಡೆಯುತ್ತಿದ್ದರು. ಹಿಮದ ಪ್ರಖರ ಬೆಳಕಿನಲ್ಲಿ ಬಣ್ಣದ ಕನ್ನಡಕವಿಲ್ಲದೆ ನೋಡಿದರೆ ಕಣ್ಣು ಉರಿದು ಕುರುಡಾಗುತ್ತದೆ. ಆದರೆ ಕನ್ನಡಕ ಹಾಕಿಕೊಂಡರೆ ನಿಜವಾದ ಬಣ್ಣ ಕಾಣುವುದಿಲ್ಲ. ಹೊಸ ಬೆಟ್ಟಗಳ ಸಾಲನ್ನು ಗಂಟೆಗಟ್ಟಲೆ ಬರೆದ ವಿಲ್ಸನ್‌ರ ಕಣ್ಣು ಅಸಹನೀಯವಾಗಿ ಉರಿಯತೊಡಗಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಅವರು ಹಿಮಬಂಡಿಯನ್ನು ಎಳೆದರು. ಪಕ್ಕದಲ್ಲಿ ನಡೆಯುತ್ತಿದ್ದ ಸ್ಕಾಟ್, ಮುಂದೆ ಮೇಲೇಳುತ್ತಿದ್ದ ಬೆಟ್ಟಗಳನ್ನು ಅವರಿಗೆ ಬಾಯಿಮಾತಿನಲ್ಲಿ ವರ್ಣಿಸುತ್ತ ನಡೆದರು. ನೋಡುವುದಕ್ಕಾಗಿ ಕಣ್ಣನ್ನೇ ಒಡ್ಡಿದವನಿಗೆ ಗೆಳೆಯನೊಬ್ಬ ಕಣ್ಣಾದ ಆ ದೃಶ್ಯ ನನ್ನ ಮನಸ್ಸಿನಿಂದ ಮಾಸುತ್ತಿಲ್ಲ.

ವಿಲ್ಸನ್ ದೃಢವಾದ ಕ್ರೈಸ್ತ ವಿಶ್ವಾಸಿ, ಆಂಗ್ಲಿಕನ್ ಸಭೆಯವರು. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಬಹುವಾಗಿ ಪ್ರೀತಿಸುತ್ತಿದ್ದವರು. ಹಡಗಿನಲ್ಲಿದ್ದಾಗ ಪಟಸ್ತಂಭದ ತುದಿಯ ಕಾವಲು ಗೂಡಿಗೆ ಒಬ್ಬರೇ ಹತ್ತಿ ಅಲ್ಲಿ ಪ್ರಾರ್ಥಿಸುತ್ತಿದ್ದರು. ಆದರೆ ಸಂಗಡಿಗರಿಗೆ ಅವರು ಉಪದೇಶ ಮಾಡಿದವರಲ್ಲ. ಜಗಳವಾದಾಗ ಎಲ್ಲರೂ ಹುಡುಕಿಕೊಂಡು ಹೋಗುತ್ತಿದ್ದುದು ಅವರನ್ನೇ. ಕಿರಿಯರು ಅವರನ್ನು 'ಅಂಕಲ್ ಬಿಲ್' ಎಂದು ಕರೆಯುತ್ತಿದ್ದರು. ಅವರ ಚಿತ್ರಗಳಲ್ಲೂ ಅದೇ ಗುಣ. ಎಲ್ಲಿಯೂ ದೇವರ ಹೆಸರು ಬರೆದಿಲ್ಲ. ಆದರೆ ಸೃಷ್ಟಿಯ ಮುಂದೆ ಟೊಪ್ಪಿಗೆ ತೆಗೆದು ನಿಂತವನ ಕೈಬರಹ ಅದು ಎಂಬುದು ತಿಳಿಯುತ್ತದೆ.

ಅವರ ಚಿತ್ರಗಳಲ್ಲಿ ಒಂದು ಬಗೆಯದು ನನಗೆ ವಿಶೇಷವಾಗಿ ಹಿಡಿಸಿತು. ಸೂರ್ಯನ ಅಥವಾ ಚಂದ್ರನ ಸುತ್ತ ಮೂಡುವ ಬೆಳಕಿನ ಬಳೆ, ನಾವು ಪರಿವೇಷ ಎನ್ನುತ್ತೇವಲ್ಲ, ಅದು. ಗಾಳಿಯಲ್ಲಿ ತೇಲುವ ಆರು ಮೂಲೆಯ ಹಿಮದ ಹರಳುಗಳ ಮೂಲಕ ಬೆಳಕು ಬಾಗಿ ಬರುವುದರಿಂದ ಅದು ಉಂಟಾಗುತ್ತದೆ. ನಡುವಿನಿಂದ ಬಳೆಯವರೆಗಿನ ಅಂತರ ಸುಮಾರು 22 ಡಿಗ್ರಿ. ಈ ಬಳೆ ನಮ್ಮೂರಿನಲ್ಲೂ ಕಾಣುತ್ತದೆ. ನೀವು ಕೂಡ ಬೆಳದಿಂಗಳ ರಾತ್ರಿಯಲ್ಲಿ, ತೆಳುವಾದ ಮೋಡ ಹರಡಿದಾಗ, ಚಂದ್ರನ ಸುತ್ತ ಅದನ್ನು ಕಂಡಿರುತ್ತೀರಿ. ಅದರ ಕಾರಣವೂ ಅದೇ. ನಮ್ಮ ತಲೆಯ ಮೇಲೆ, ಎಷ್ಟೋ ಎತ್ತರದಲ್ಲಿ, ಆ ತೆಳುಮೋಡದೊಳಗೆ ಇರುವುದು ಹಿಮದ ಹರಳುಗಳು. ಧೂಳು ಬಿಸಿಲುಗಳ ಹುಬ್ಬಳ್ಳಿಯ ನೆತ್ತಿಯ ಮೇಲೂ ಹಿಮವಿದೆ! ಐವತ್ತು ದಾಟಿದ ನಾನು ಇದನ್ನು ಎಷ್ಟೋ ಸಲ ಕಂಡಿದ್ದೆ, ಒಮ್ಮೆಯೂ ನೋಡಿರಲಿಲ್ಲ.

ನಮ್ಮೂರಿಗೂ ಆ ನಾಡಿಗೂ ಇರುವ ನಂಟು ಇಷ್ಟೇ ಅಲ್ಲ. ಸ್ಕಾಟ್‌ರ ಎರಡನೆಯ ಯಾತ್ರೆ 1910ರಲ್ಲಿ 'ಟೆರಾ ನೋವಾ' ಹಡಗಿನಲ್ಲಿ ಹೊರಟಿತು. ಅದರ ವೈಜ್ಞಾನಿಕ ತಂಡಕ್ಕೆ ವಿಲ್ಸನ್‌ರೇ ಮುಖ್ಯಸ್ಥರು. ಹವಾಮಾನ ತಜ್ಞ ಜಾರ್ಜ್ ಸಿಂಪ್ಸನ್ ಭಾರತದ ಹವಾಮಾನ ಇಲಾಖೆಯಿಂದ ಹೋದವರು. ಬೋವರ್ಸ್ ಎಂಬ ತರುಣ ಅಧಿಕಾರಿ ಭಾರತದ ನೌಕಾ ಸೇವೆಯಲ್ಲಿದ್ದವರು. ಕುದುರೆಗಳನ್ನು ನೋಡಿಕೊಂಡ ಓಟ್ಸ್ ಮಧ್ಯಭಾರತದ ಮಹೂ ದಂಡಿನಲ್ಲಿದ್ದವರು. ಇಂದು ನಮ್ಮ ದೇಶಕ್ಕೂ ಆ ಖಂಡದಲ್ಲಿ 'ಮೈತ್ರಿ', 'ಭಾರತಿ' ಎಂಬ ನೆಲೆಗಳಿವೆ. ಅವುಗಳ ಕೆಲಸವನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ ಇರುವುದು ನಮ್ಮ ನೆರೆಯ ಗೋವೆಯ ವಾಸ್ಕೋದಲ್ಲಿ. ಹುಬ್ಬಳ್ಳಿಯಿಂದ ಘಟ್ಟವಿಳಿದು ಹೋಗುವ ರೈಲಿನ ಕೊನೆಯ ನಿಲ್ದಾಣ ಅದು.

ಇನ್ನು ಆ ಮೊಟ್ಟೆಗಳ ಕಥೆಗೆ ಬರುತ್ತೇನೆ. ನನ್ನ ಪ್ರಶ್ನೆಗೆ ಹತ್ತಿರವಾದ ಕಥೆ ಅದೇ.

ಚಕ್ರವರ್ತಿ ಪೆಂಗ್ವಿನ್ ಎಂಬ ದೊಡ್ಡ ಪೆಂಗ್ವಿನ್ ಅಂಟಾರ್ಕ್ಟಿಕಾದ ಕಡುಚಳಿಗಾಲದ ಕತ್ತಲೆಯಲ್ಲಿ ಮೊಟ್ಟೆಯಿಡುತ್ತದೆ. ಗಂಡು ಹಕ್ಕಿ ಮೊಟ್ಟೆಯನ್ನು ಪಾದಗಳ ಮೇಲಿಟ್ಟುಕೊಂಡು ಎರಡು ತಿಂಗಳ ಕಾಲ ಏನನ್ನೂ ತಿನ್ನದೆ ಕಾವು ಕೊಡುತ್ತದೆ. ಅಂದಿನ ಒಂದು ಸಿದ್ಧಾಂತದ ಪ್ರಕಾರ, ಮೊಟ್ಟೆಯೊಳಗಿನ ಭ್ರೂಣವನ್ನು ನೋಡಿದರೆ ಹಕ್ಕಿಗಳು ಸರೀಸೃಪಗಳಿಂದ ಬಂದ ದಾರಿ ತಿಳಿಯುತ್ತದೆ ಎಂಬ ನಂಬಿಕೆ ಇತ್ತು. ಆ ಮೊಟ್ಟೆಗಳನ್ನು ತರಲು 1911ರ ಜೂನ್ 27ರಂದು ವಿಲ್ಸನ್, ಬೋವರ್ಸ್ ಮತ್ತು ಚೆರಿ ಗೆರಾರ್ಡ್ ಎಂಬ ಮೂವರು ಕತ್ತಲೆಯಲ್ಲಿ ಹೊರಟರು. ಒಂದು ಕಡೆಯ ದಾರಿಯೇ ಸುಮಾರು 100 ಕಿಲೋಮೀಟರ್. ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯಿತು. ಬಿರುಗಾಳಿ ಅವರ ಡೇರೆಯನ್ನೇ ಹಾರಿಸಿಕೊಂಡು ಹೋಯಿತು. ದೈವವಶಾತ್ ಅದು ಸಿಕ್ಕಿತು. ಐದು ಮೊಟ್ಟೆ ಎತ್ತಿಕೊಂಡರು, ಎರಡು ದಾರಿಯಲ್ಲಿ ಒಡೆದವು. ಆಗಸ್ಟ್ 1ರಂದು ಮೂರು ಮೊಟ್ಟೆಗಳೊಂದಿಗೆ ಮೂವರೂ ಜೀವಸಹಿತ ಮರಳಿದರು.

1913ರಲ್ಲಿ ಚೆರಿ ಗೆರಾರ್ಡ್ ಆ ಮೂರು ಮೊಟ್ಟೆಗಳನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಒಯ್ದು ಒಪ್ಪಿಸಿದರು. ಅಷ್ಟು ಹೊತ್ತಿಗೆ ಸಂಗಡಿಗರಿಬ್ಬರೂ ಹಿಮದಲ್ಲಿ ಮಲಗಿದ್ದರು. ಮೊಟ್ಟೆಗಳ ಮೇಲಿನ ವರದಿ ಹೊರಬಂದದ್ದು 1934ರಲ್ಲಿ. ಅವುಗಳಿಂದ ಹೊಸದಾಗಿ ತಿಳಿದದ್ದು ಹೆಚ್ಚೇನೂ ಇಲ್ಲ ಎಂಬುದು ಅದರ ಸಾರ. ಯಾವ ಸಿದ್ಧಾಂತಕ್ಕಾಗಿ ಅವರು ಪ್ರಾಣವನ್ನು ಪಣಕ್ಕಿಟ್ಟಿದ್ದರೋ ಆ ಸಿದ್ಧಾಂತವೇ ಅಷ್ಟರಲ್ಲಿ ಬಿದ್ದುಹೋಗಿತ್ತು.

ಇದನ್ನು ಓದಿ ನನಗೆ ಮೊದಲು ಅನ್ನಿಸಿದ್ದೇನು ಗೊತ್ತೇ? 'ನೋಡಿದಿರಾ, ಹೊಟ್ಟೆ ತುಂಬದ ಕೆಲಸ!' ಎಂದೇ. ಇಪ್ಪತ್ತೈದು ವರ್ಷಗಳ ಹಿಂದಿನ ಆ ತರುಣ ಗುರು ನನ್ನೊಳಗೆ ಇನ್ನೂ ಸತ್ತಿರಲಿಲ್ಲ. ಆದರೆ ಪುಟ ತಿರುವಿದೆ. ಅದೇ ಪೆಂಗ್ವಿನ್‌ಗಳ ಚಿತ್ರಗಳಿದ್ದವು. ತಲೆ ತಗ್ಗಿಸಿ ಪಾದದ ಮೇಲಿನ ಮರಿಯನ್ನು ನೋಡುತ್ತಿರುವ ಹಕ್ಕಿ. ಕತ್ತಿನ ಬಳಿ ಹಳದಿ ನಿಧಾನವಾಗಿ ಬಿಳುಪಿನಲ್ಲಿ ಕರಗುವ ಜಾಗ. ಸಿದ್ಧಾಂತ ತಪ್ಪಾಯಿತು. ಆದರೆ ಆ ಹಳದಿ ತಪ್ಪಾಗಿಲ್ಲ. ಯಾಕೆಂದರೆ ಸಿದ್ಧಾಂತ ಅವರ ಊಹೆ, ಹಳದಿ ಅವರು ಕಣ್ಣಾರೆ ಕಂಡದ್ದು. ಬೇಗನೆ ತೀರ್ಮಾನಿಸಿದ್ದು ಹಳೆಯದಾಗುತ್ತದೆ, ನಿಂತು ನೋಡಿದ್ದು ಉಳಿಯುತ್ತದೆ.

ವಿಲ್ಸನ್‌ರ ಕೊನೆಯ ಯಾತ್ರೆಯಲ್ಲೂ ಇದನ್ನೇ ಕಾಣುತ್ತೇವೆ. 1912ರ ಜನವರಿ 17ರಂದು ಐವರು ದಕ್ಷಿಣ ಧ್ರುವವನ್ನು ಮುಟ್ಟಿದರು. ನಾರ್ವೆಯ ಅಮುಂಡ್ಸೆನ್ ಒಂದು ತಿಂಗಳ ಮೊದಲೇ, 1911ರ ಡಿಸೆಂಬರ್ 14ರಂದು, ಅಲ್ಲಿಗೆ ಬಂದು ಹೋಗಿದ್ದರು. ಸೋತವರ ಮನಸ್ಸು ಹೇಗಿದ್ದಿರಬೇಕು, ಊಹಿಸಿ. ಆ ಚಳಿಯಲ್ಲಿ, ಆ ನಿರಾಶೆಯಲ್ಲಿ ವಿಲ್ಸನ್ ಪುಸ್ತಕ ತೆಗೆದು ನಾರ್ವೆಯವರು ನಿಲ್ಲಿಸಿಹೋದ ಗುರುತುಗಳನ್ನು ಬರೆದುಕೊಂಡರು. ಗೆದ್ದವನ ಗುರುತನ್ನು ಸೋತವನು ಇದ್ದದ್ದು ಇದ್ದ ಹಾಗೆ ಬರೆದನು.

ಹಿಂದಿರುಗುವಾಗ ಫೆಬ್ರವರಿ 8ರಂದು ಬಕ್ಲಿ ಎಂಬ ಬೆಟ್ಟದ ಬುಡದಲ್ಲಿ ಅವರು ಪಳೆಯುಳಿಕೆಗಳಿದ್ದ ಕಲ್ಲುಗಳನ್ನು ಆರಿಸಿದರು. ಶಕ್ತಿ ಕುಂದುತ್ತಿದ್ದರೂ ಸುಮಾರು 16 ಕಿಲೋ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದರು. ಮೊದಲು ಎಡ್ಗರ್ ಇವಾನ್ಸ್ ತೀರಿಕೊಂಡರು. ಬಳಿಕ ಓಟ್ಸ್ ತನ್ನಿಂದ ಇತರರಿಗೆ ಭಾರವಾಗಬಾರದೆಂದು ಬಿರುಗಾಳಿಯೊಳಗೆ ನಡೆದುಹೋದರು. ಉಳಿದ ಮೂವರು, ಸ್ಕಾಟ್, ವಿಲ್ಸನ್, ಬೋವರ್ಸ್, ಆಹಾರದ ದಾಸ್ತಾನಿಗೆ ಇನ್ನು ಸುಮಾರು 20 ಕಿಲೋಮೀಟರ್ ಇರುವಾಗ ಡೇರೆಯಲ್ಲಿ ಸಿಕ್ಕಿಬಿದ್ದರು. ಸ್ಕಾಟ್‌ರ ದಿನಚರಿಯ ಕೊನೆಯ ಬರಹ 1912ರ ಮಾರ್ಚ್ 29ರದು. ನವೆಂಬರ್ 12ರಂದು ಹುಡುಕುವವರ ತಂಡಕ್ಕೆ ಡೇರೆ ಸಿಕ್ಕಿತು. ಬಂಡಿಯ ಮೇಲೆ ಕಲ್ಲುಗಳು ಹಾಗೆಯೇ ಇದ್ದವು.

ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಸಸ್ಯದ ಎಲೆಗಳ ಅಚ್ಚು ಇತ್ತು. ಅದೇ ಎಲೆಯ ಅಚ್ಚು ನಮ್ಮ ದೇಶದ ಕಲ್ಲಿದ್ದಲು ಗಣಿಗಳ ಪದರಗಳಲ್ಲೂ ಸಿಗುತ್ತದೆ. ಒಂದಾನೊಂದು ಕಾಲದಲ್ಲಿ ಭಾರತ, ಅಂಟಾರ್ಕ್ಟಿಕಾ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳು ಒಂದೇ ನೆಲವಾಗಿದ್ದವು ಎಂಬುದಕ್ಕೆ ಅದು ಸಾಕ್ಷಿಯಾಯಿತು. ಆ ಮಹಾಖಂಡಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಗೋಂಡ್ವಾನಾ, ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರು. ನಮ್ಮ ಧಾರವಾಡದ ಹೆಸರನ್ನು ಹೊತ್ತ, ಅದಕ್ಕಿಂತ ಎಷ್ಟೋ ಪಾಲು ಹಳೆಯದಾದ ಶಿಲೆಗಳೂ ಆ ನೆಲದ ಒಂದು ಭಾಗವೇ. ಧ್ರುವದ ಗೌರವ ಕೈತಪ್ಪಿತು, ಮೊಟ್ಟೆಗಳಿಂದ ಏನೂ ಆಗಲಿಲ್ಲ, ಆದರೆ ಸಾಯುವವರು ಬಿಡದೆ ಎಳೆದುತಂದ ಒಂದು ಎಲೆಯ ಗುರುತು ಇಡೀ ಭೂಮಿಯ ಕಥೆಯನ್ನು ಹೇಳಿತು. ಯಾವುದು ಉಪಯೋಗದ ಕೆಲಸ, ಯಾವುದು ಅಲ್ಲ ಎಂದು ಬೇವಿನ ನೆರಳಲ್ಲಿ ನಿಂತು ಒಂದೇ ಮಾತಿನಲ್ಲಿ ಹೇಳುವ ಅಧಿಕಾರ ನನಗೆ ಯಾರು ಕೊಟ್ಟರು?

ಹಾಗೆಂದು, ಓದುಗರೇ, ಆ ತಂದೆಯ ಭಯವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಹುಬ್ಬಳ್ಳಿಯಲ್ಲಿ ಅಂಗಡಿಗಳ ಬೋರ್ಡು ಬರೆದು ಸಂಸಾರ ಸಾಗಿಸುತ್ತಿದ್ದ ಪೇಂಟರುಗಳನ್ನು ನಾನು ಬಲ್ಲೆ. ಫ್ಲೆಕ್ಸ್ ಯಂತ್ರ ಬಂದ ಮೇಲೆ ಅವರ ಕುಂಚ ಒಣಗಿದ್ದನ್ನೂ ಕಂಡಿದ್ದೇನೆ. ವಿಲ್ಸನ್ ಕೂಡ ಚಿತ್ರವನ್ನೇ ನಂಬಿ ಬದುಕಿದವರಲ್ಲ. ಅವರು ವೈದ್ಯರು, ಪ್ರಾಣಿಶಾಸ್ತ್ರಜ್ಞರು. ಎರಡು ಯಾತ್ರೆಗಳ ನಡುವಿನ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಗ್ರೌಸ್ ಹಕ್ಕಿಗಳ ರೋಗಕ್ಕೆ ಕಾರಣ ಹುಡುಕುವ ಕೆಲಸ ಮಾಡಿದರು. ಕಾರಣ ಒಂದು ಸಣ್ಣ ಹುಳು ಎಂದು ಆ ತನಿಖೆ ತೋರಿಸಿತು. ಆದರೆ ಅವರ ಕೈಯಲ್ಲಿ ಈ ಕೆಲಸಗಳು ಬೇರೆ ಬೇರೆಯಾಗಿರಲಿಲ್ಲ. ರೋಗಿಯನ್ನು ನೋಡುವ ಕಣ್ಣೇ ಹಕ್ಕಿಯನ್ನೂ ನೋಡಿತು, ಹಿಮವನ್ನೂ ನೋಡಿತು. ಆದ್ದರಿಂದ 'ಎಲ್ಲ ಬಿಟ್ಟು ಚಿತ್ರ ಬರೆ' ಎಂದು ಆ ಹುಡುಗಿಗೆ ಹೇಳಲು ನನಗೆ ವಿಲ್ಸನ್‌ರಿಂದ ಅಪ್ಪಣೆ ಸಿಗಲಿಲ್ಲ. 'ಬಿಟ್ಟುಬಿಡು' ಎಂದು ಹೇಳುವ ಧೈರ್ಯವೂ ಉಳಿದಿರಲಿಲ್ಲ.

ಆಗ ನನಗೆ ಹೊಳೆಯಿತು. ನಾನು ಆ ಹುಡುಗಿಯ ಒಂದು ಚಿತ್ರವನ್ನೂ ನೋಡಿರಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಅದರ ಹಿಂದೆಯೇ ಬಿತ್ತು. ಇಪ್ಪತ್ತೈದು ವರ್ಷಗಳ ಹಿಂದೆ ಅವಳ ತಂದೆಯ ಚಿತ್ರಗಳನ್ನೂ ನಾನು ನೋಡಿರಲಿಲ್ಲ. ಹಾಳಾದ ಪುಸ್ತಕದ ಅಂಚನ್ನು ನೋಡಿದ್ದೆ, ಪಾರಿವಾಳವನ್ನು ನೋಡಿರಲಿಲ್ಲ. ಆ ಗೆರೆಗಳು ಚೆನ್ನಾಗಿದ್ದವೋ ಇಲ್ಲವೋ ಎಂದು ಇಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನ್ನಿಂದಾಗದು. ಡಿ. ವಿ. ಹಾಲಭಾವಿಯವರು ಚಿತ್ರಕಲಾ ಶಾಲೆ ಕಟ್ಟಿ ಎಷ್ಟೋ ಮಂದಿಗೆ ಕುಂಚ ಹಿಡಿಯುವುದನ್ನು ಕಲಿಸಿದ ಧಾರವಾಡ ನಮಗೆ ಇಪ್ಪತ್ತು ಕಿಲೋಮೀಟರ್ ದೂರ. ಒಂದು ದಿನ ಆ ಹುಡುಗನನ್ನು ಬಸ್ಸಿನಲ್ಲಿ ಕರೆದೊಯ್ದು ಬಲ್ಲವರೊಬ್ಬರಿಗೆ ಅವನ ಪುಸ್ತಕ ತೋರಿಸಬಹುದಿತ್ತು. ಅವರೂ 'ಐಟಿಐ ಸೇರಿಸಿ' ಎಂದೇ ಹೇಳುತ್ತಿದ್ದರೇನೋ. ನನ್ನ ಸಲಹೆ ತಪ್ಪೇ ಆಗಿತ್ತೆಂದು ನಾನು ಹೇಳುತ್ತಿಲ್ಲ. ನೋಡದೆ ಸಲಹೆ ಕೊಟ್ಟೆ, ಅದು ನನ್ನ ತಪ್ಪು. ಒಬ್ಬನು ಹಿಮದಲ್ಲಿ ಬೆರಳು ಮರಗಟ್ಟಿಸಿಕೊಂಡು ನೋಡಿದ. ನಾನು ಬೆಚ್ಚಗಿನ ಕೋಣೆಯಲ್ಲಿ ಕುಳಿತು, ಅಂಗೈಯಲ್ಲಿದ್ದ ಪುಸ್ತಕವನ್ನು ನೋಡಲಿಲ್ಲ.

ಮುಂದಿನ ಭಾನುವಾರ ಅವರಿಬ್ಬರೂ ಬಂದರು. ನಾನು ಹುಡುಗಿಗೆ, "ನೀನು ಬರೆದದ್ದು ಇದ್ದರೆ ತೋರಿಸಮ್ಮ" ಎಂದೆ. ಅವಳು ಅಳುಕುತ್ತ ಚೀಲದಿಂದ ಒಂದು ಡ್ರಾಯಿಂಗ್ ಪುಸ್ತಕ ತೆಗೆದಳು. ನಾನು ಕನ್ನಡಕ ಒರೆಸಿಕೊಂಡೆ.

ಹೆಚ್ಚಿನವು ಉಣಕಲ್ ಕೆರೆಯ ಹಕ್ಕಿಗಳು. ಬೆಳ್ಳಕ್ಕಿ, ಮಿಂಚುಳ್ಳಿ. ಒಂದು ಪುಟದಲ್ಲಿ, ಕಲ್ಲಿನ ಮೇಲೆ ಕುಳಿತು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿರುವ ನೀರುಕಾಗೆ. ಕತ್ತಿನ ಗೆರೆ ಸ್ವಲ್ಪ ಸೊಟ್ಟಗಾಗಿತ್ತು. ಕಾಲುಗಳು ಸರಿಯಾಗಿ ಕಲ್ಲನ್ನು ಹಿಡಿದಿರಲಿಲ್ಲ. ಆದರೆ ರೆಕ್ಕೆಯ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ಏನೋ ಬರೆದಿತ್ತು. ಕಣ್ಣಿಗೆ ಹತ್ತಿರ ಹಿಡಿದು ಓದಿದೆ. 'ಕಪ್ಪು ಅಲ್ಲ. ಬಿಸಿಲು ಬಿದ್ದಲ್ಲಿ ಹಸಿರು.'

ವಿಲ್ಸನ್‌ರ ಹೆಸರನ್ನು ಆ ಮಗು ಕೇಳಿಯೂ ಇರಲಿಲ್ಲ. ಬಣ್ಣದ ಡಬ್ಬಿಯನ್ನು ಕೆರೆಯ ದಂಡೆಗೆ ಒಯ್ಯಲು ಮನೆಯವರು ಬಿಡದ ಕಾರಣ, ಮರೆಯಬಾರದೆಂದು ಅಲ್ಲೇ ಬರೆದುಕೊಂಡು ಬಂದಿದ್ದಳಂತೆ. ಹೆಸರಲ್ಲೇ ಕಾಗೆ ಇರುವ ಹಕ್ಕಿಯನ್ನು ನಾವೆಲ್ಲ ಕಪ್ಪು ಎಂದುಬಿಟ್ಟಿದ್ದೇವೆ. ಅವಳು ನಿಂತು ನೋಡಿದ್ದಳು.

ನಾನು ಪುಸ್ತಕವನ್ನು ಅವಳ ತಂದೆಯ ಕೈಗೆ ಕೊಟ್ಟೆ. "ಇದನ್ನು ನೋಡಿದ್ದೀರಾ?" ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಪುಟ ತಿರುವಲಿಲ್ಲ. ಆ ಒಂದೇ ಪುಟವನ್ನು ಬಹಳ ಹೊತ್ತು ನೋಡಿದರು. ತಮ್ಮ ತೋರುಬೆರಳಿನಿಂದ, ಕಾಗದ ಮುಟ್ಟದೆ, ಹಕ್ಕಿಯ ಕತ್ತಿನ ಸೊಟ್ಟ ಗೆರೆಯನ್ನು ಗಾಳಿಯಲ್ಲಿ ಸರಿಯಾಗಿ ಎಳೆದರು. ಇಪ್ಪತ್ತೈದು ವರ್ಷ ತಂತಿ ಎಳೆದ ಬೆರಳು ಅದು. ಅದಕ್ಕೆ ಗೆರೆ ಮರೆತಿರಲಿಲ್ಲ.

ಆಗ ನಾನು ಹೇಳಬೇಕಾದದ್ದನ್ನು ಹೇಳಿದೆ. "ನಾನು ಆವತ್ತು ನಿಮ್ಮ ಪಾರಿವಾಳಗಳನ್ನು ನೋಡಲೇ ಇಲ್ಲ. ನೋಡದೆಯೇ ಮಾತಾಡಿದೆ. ಕ್ಷಮಿಸಬೇಕು."

ಅವರು ಕಣ್ಣೆತ್ತಲಿಲ್ಲ. ಸ್ವಲ್ಪ ತಡೆದು ಹೇಳಿದರು: "ನಮ್ಮವ್ವನೂ ನೋಡಿರಲಿಲ್ಲ ಬಿಡ್ರಿ ಫಾದರ್. ನನ್ನ ಕೆಲಸಾ ನನಗ ಕೆಟ್ಟದ್ದಾಗಿಲ್ರಿ." ಆಮೇಲೆ ಮಗಳ ಕಡೆ ತಿರುಗಿ, "ಕಾಲು ತಪ್ಪೇತಿ ನೋಡು, ಹಕ್ಕಿ ಕಲ್ಲು ಹಿಂಗ ಹಿಡಿಯೂದಿಲ್ಲ" ಎಂದರು. ಆ ಹುಡುಗಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಈ ಸಲ ನಿಜವಾಗಿಯೂ ನೋಡಿದೆ.

ಕಥೆ ಇಲ್ಲಿಗೆ ಸುಖಾಂತವಾಯಿತೆಂದು ತಿಳಿಯಬೇಡಿ. ಆ ಹುಡುಗಿ ಸದ್ಯಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಭಾನುವಾರ ಮಧ್ಯಾಹ್ನ ಚಿತ್ರ ಕಲಿಯಲು ಹೋಗುತ್ತಾಳೆ. ಮುಂದೆ ಏನನ್ನು ಆರಿಸಿಕೊಳ್ಳುವಳೋ, ಅದರಿಂದ ಅವಳ ಬದುಕು ನಡೆಯುವುದೋ ಇಲ್ಲವೋ, ನಾನರಿಯೆ. ಕಳೆದುಹೋದ ಆ ಪಾರಿವಾಳಗಳನ್ನು ಯಾರೂ ಮರಳಿ ತರಲಾರರು. ಆ ಪುಸ್ತಕ ಯಾವಾಗಲೋ ರದ್ದಿಗೆ ಹೋಗಿದೆ.

ಮೊನ್ನೆ ಒಂದು ಸಂಜೆ ಉಣಕಲ್ ಕೆರೆಯ ದಂಡೆಗೆ ಹೋಗಿ ಕುಳಿತೆ. ಜೇಬಿನಲ್ಲಿ ಒಂದು ಪೆನ್ಸಿಲ್ ಮತ್ತು ಹಳೆಯ ಆಮಂತ್ರಣ ಪತ್ರಿಕೆಯ ಖಾಲಿ ಬೆನ್ನು. ಚಿತ್ರ ಬರೆಯುವ ಕೈ ನನ್ನದಲ್ಲ. ನೀರಿನ ಬಣ್ಣವನ್ನಾದರೂ ಹೆಸರಿಸಿ ಬರೆಯೋಣವೆಂದು ಹೋಗಿದ್ದೆ. 'ನೀಲಿ' ಎಂದು ಬರೆದೆ. ನೋಡಿದರೆ ನೀಲಿ ಅಲ್ಲ. ಹೊಡೆದುಹಾಕಿ 'ಬೂದು' ಎಂದೆ. ಅಷ್ಟರಲ್ಲಿ ಮೋಡ ಸರಿದು ತಾಮ್ರದ ಬಣ್ಣ ಹರಡಿತು. ಅರ್ಧ ಗಂಟೆಯಲ್ಲಿ ಏಳು ಪದ ಬರೆದು ಆರನ್ನು ಹೊಡೆದುಹಾಕಿದೆ. ಕತ್ತಲಾದಾಗ ಉಳಿದ ಒಂದು ಪದವೂ ಸರಿಯಿರಲಿಲ್ಲ. ಆದರೆ ಅಷ್ಟು ಹೊತ್ತು ನಾನು ಆ ಕೆರೆಯ ಮುಂದೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕುಳಿತಿರಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಮಗು ಇರಬಹುದು. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಏನನ್ನೋ ಗೀಚಿ ನಿಮ್ಮ ಮುಂದೆ ಹಿಡಿಯಬಹುದು. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಫೋನು ಬಡಿದುಕೊಳ್ಳುತ್ತಿರುತ್ತದೆ. ಅದು ಮುಂದೆ ಹೊಟ್ಟೆ ತುಂಬಿಸುತ್ತದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ನಾಳೆ ಕೇಳೋಣ. ಇಂದು ಒಂದು ನಿಮಿಷ ಕೈಯ ಕೆಲಸ ಬಿಟ್ಟು, ಮೊದಲು ನೋಡೋಣ.